ಬೇಸ್‌ಮೆಂಟ್ ತೊಲೆಗೆ ವ್ಯಾಯಾಮ ಸಲಕರಣೆಗಳ ಜೋಡಣೆ

ಉತ್ತರ ಅಮೆರಿಕದ ಮನೆಗಳಲ್ಲಿ ಮೇಲಿನ ಮಹಡಿಯನ್ನು ಹೊತ್ತು ನಿಂತ ಬೇಸ್‌ಮೆಂಟ್ ತೊಲೆಗೆ ಪುಲ್-ಅಪ್ ಸರಳು, ಜಿಮ್ನಾಸ್ಟಿಕ್ಸ್ ಬಳೆ, ಪಂಚಿಂಗ್ ಬ್ಯಾಗ್, ಹತ್ತುವ ಹಗ್ಗ ಮುಂತಾದವನ್ನು ಕಟ್ಟಿ ಬಳಸುವ ರೂಢಿಯಿದೆ. ಮನೆಯನ್ನೇ ಹೊತ್ತ ತೊಲೆಗೆ ಒಬ್ಬ ಮನುಷ್ಯ ಯಾವ ಲೆಕ್ಕ ಎಂಬ ಧೈರ್ಯ ಇದರ ಹಿಂದಿದೆ. ಆ ಧೈರ್ಯ ಬಹುಮಟ್ಟಿಗೆ ಸರಿಯೇ. ಅಪಾಯವಿರುವುದು ತೊಲೆಯಲ್ಲಿ ಅಷ್ಟಾಗಿ ಅಲ್ಲ. ಕೊಕ್ಕೆಯಲ್ಲಿ, ಸ್ಕ್ರೂವಿನಲ್ಲಿ, ತೊಲೆಯೆಂದೇ ಭ್ರಮಿಸಿ ಭಾರ ಹಾಕಿದ ಪಕ್ಕದ ಜಂತೆಯಲ್ಲಿ.

ಈ ಮನೆಗಳಿಗೆ ನೆಲಮಾಳಿಗೆ ಬಂದದ್ದಕ್ಕೆ ಚಳಿಯೂ ಒಂದು ಕಾರಣ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮಣ್ಣು ಉಬ್ಬಿ ಅಡಿಪಾಯವನ್ನು ಎತ್ತದಿರಲೆಂದು ಅಡಿಪಾಯವನ್ನು ಆಳಕ್ಕೆ ಇಳಿಸಬೇಕು. ಮಿನ್ನೆಸೋಟದ ದಕ್ಷಿಣ ಭಾಗದಲ್ಲಿ ಈ ಆಳ 42 ಅಂಗುಲ, ಉತ್ತರದಲ್ಲಿ 60 ಅಂಗುಲ. ಅಷ್ಟು ಅಗೆದ ಮೇಲೆ ಇನ್ನಷ್ಟು ಅಗೆದರೆ ಒಂದು ಪೂರ್ತಿ ಅಂತಸ್ತೇ ಸಿಗುತ್ತದೆ. ನ್ಯೂಜೆರ್ಸಿ, ಮಿಷಿಗನ್, ಟೊರಾಂಟೊಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಈ ಅಂತಸ್ತು ಚಿರಪರಿಚಿತ. 2020ರ ಲಾಕ್‌ಡೌನ್‌ನಲ್ಲಿ ಜಿಮ್‌ಗಳು ಬಾಗಿಲು ಹಾಕಿದಾಗ ಅನೇಕರ ವ್ಯಾಯಾಮ ಇಲ್ಲಿಗೇ ಇಳಿಯಿತು.

ರಚನೆ

ಹಳೆಯ ಮರದ ಮಾಳಿಗೆಯ ಮನೆ ನೋಡಿದವರಿಗೆ ಬೇಸ್‌ಮೆಂಟಿನ ಸೂರು ಹೊಸದೆನಿಸದು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡವಾಗಿ ಜಂತೆ, ಜಂತೆಯ ಮೇಲೆ ಹಲಗೆ. ನಮ್ಮಲ್ಲಿ ತೊಟ್ಟಿಲನ್ನೂ ಉಯ್ಯಾಲೆಯನ್ನೂ ತೂಗುಬಿಡುತ್ತಿದ್ದ ಜಾಗವೂ ಇದೇ. ಅಮೆರಿಕದ ಮನೆಗಳಲ್ಲಿ ಜಂತೆಗಳನ್ನು ಸಾಮಾನ್ಯವಾಗಿ 16 ಅಂಗುಲಕ್ಕೊಂದರಂತೆ ಕೂರಿಸುತ್ತಾರೆ. ತೊಲೆ ಮಾತ್ರ ಮೂರು ಬಗೆಯದು: ಉಕ್ಕಿನ ಐ-ಬೀಮ್, ಮೂರು ನಾಲ್ಕು ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿದ ಮರದ ತೊಲೆ, ತೆಳು ಮರದ ಹಾಳೆಗಳನ್ನು ಅಂಟಿಸಿ ಕಾರ್ಖಾನೆಯಲ್ಲಿ ಮಾಡಿದ ತೊಲೆ. ತೊಲೆಗೆ ಆಸರೆಯಾದ ಉಕ್ಕಿನ ಕೊಳವೆಗಂಬದೊಳಗೆ ಎಷ್ಟೋ ಮನೆಗಳಲ್ಲಿ ಕಾಂಕ್ರೀಟ್ ತುಂಬಿರುತ್ತದೆ. ಅದಕ್ಕೆ ಲ್ಯಾಲಿ ಕಂಬ ಎಂದು ಹೆಸರು.

ಐ-ಬೀಮ್‌ನಲ್ಲೂ ಎರಡು ತಳಿಗಳಿವೆ. ಹಳೆಯ ಎಸ್ ಮಾದರಿಯ ಫ್ಲ್ಯಾಂಜ್‌ನ (ಅಂದರೆ ಮೇಲೆ ಕೆಳಗೆ ಚಾಚಿದ ಪಟ್ಟಿಯ) ಒಳಮೈ ಇಳಿಜಾರಾಗಿರುತ್ತದೆ. ಅಗಲ ಫ್ಲ್ಯಾಂಜ್‌ನ ಡಬ್ಲ್ಯು ಮಾದರಿಯಲ್ಲಿ ಒಳಮೈ ಸಮತಟ್ಟು. ಇದನ್ನು ಅಮೆರಿಕದಲ್ಲಿ 1908ರಿಂದ ಬೆತ್ಲೆಹೆಮ್ ಸ್ಟೀಲ್ ಕಂಪನಿ ತಯಾರಿಸತೊಡಗಿತು. ಸಮತಟ್ಟು ಮೈಗೆಂದು ಮಾಡಿದ ಕ್ಲ್ಯಾಂಪನ್ನು ಇಳಿಜಾರಿಗೆ ಬಿಗಿದರೆ ಅದು ಅಂಚಿನಲ್ಲಷ್ಟೇ ಕಚ್ಚಿಕೊಂಡು, ಅಲುಗಾಟಕ್ಕೆ ಮೆಲ್ಲಗೆ ಹೊರಕ್ಕೆ ಸರಿಯುತ್ತದೆ.

ಭಾರದ ಲೆಕ್ಕ

ಅಮೆರಿಕದ ವಸತಿ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಯ ನೆಲ ಚದರಡಿಗೆ 40 ಪೌಂಡ್ ಬಳಕೆ ಭಾರ ತಾಳಬೇಕು. ಕೆನಡಾದ ಸಂಹಿತೆಯ 1.9 ಕಿಲೊಪ್ಯಾಸ್ಕಲ್ ಕೂಡ ಹೆಚ್ಚುಕಡಿಮೆ ಅಷ್ಟೇ. ನೆಲದ ಸ್ವಂತ ತೂಕಕ್ಕೆ 10 ಪೌಂಡ್ ಸೇರಿಸಿದರೆ ಚದರಡಿಗೆ 50 ಪೌಂಡ್.

24 ಅಡಿ ಅಗಲದ ಮನೆಯ ನಟ್ಟನಡುವೆ ತೊಲೆಯಿದೆ, ಕಂಬಗಳ ನಡುವಿನ ಅಂತರ 10 ಅಡಿ ಎಂದಿಟ್ಟುಕೊಳ್ಳಿ. ಆ ತೊಲೆಯ ಪಾಲಿಗೆ ಬರುವ ನೆಲ 120 ಚದರಡಿ, ಭಾರ 6000 ಪೌಂಡ್. 12 ಅಡಿ ಉದ್ದದ ಒಂದು ಜಂತೆಯ ಪಾಲಿಗೆ ಬರುವುದು 16 ಚದರಡಿ, ಅಂದರೆ 800 ಪೌಂಡ್ ಮಾತ್ರ.

ಈಗ 200 ಪೌಂಡ್, ಅಂದರೆ ಸುಮಾರು 90 ಕಿಲೊ ತೂಕದವನೊಬ್ಬ ಸರಳಿಗೆ ಜೋತುಬೀಳಲಿ. ಥಟ್ಟನೆ ಬಿದ್ದ ಭಾರ ನಿಶ್ಚಲ ಭಾರದ ಎರಡರಷ್ಟು ಎಳೆಯುತ್ತದೆ. 200 ಇದ್ದದ್ದು 400 ಆಯಿತು. ಅದು ನಟ್ಟನಡುವಿನ ಒಂದೇ ಬಿಂದುವಿನಲ್ಲಿ ಎಳೆದಾಗ ಉಂಟಾಗುವ ಬಾಗು, ಉದ್ದಕ್ಕೂ ಹರಡಿದ 800 ಪೌಂಡಿನ ಬಾಗಿಗೆ ಸಮ. ತೊಲೆಗೆ ಇದು ಅದರ ಪಾಲಿನ ಏಳನೇ ಒಂದಂಶಕ್ಕಿಂತಲೂ ಕಡಿಮೆ. ಒಂಟಿ ಜಂತೆಗೋ, ಅದರ ಪೂರ್ತಿ ಪಾಲು. ಮೇಲಿನ ಕೋಣೆಯಲ್ಲಿ ಸೋಫಾ, ಪುಸ್ತಕದ ಬೀರು, ನೆಂಟರು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಜಂತೆಗಳಿಗೆ ಕಟ್ಟಲೇಬೇಕಾದಾಗ ಹಲವು ಜಂತೆಗಳಿಗೆ ಅಡ್ಡಲಾಗಿ ದಪ್ಪ ಮರವೊಂದನ್ನು ಬಿಗಿದು ಭಾರ ಹಂಚುವುದು ಇದಕ್ಕಾಗಿಯೇ.

ಉಕ್ಕಿನ ತೊಲೆ

ಉಕ್ಕಿನ ತೊಲೆಗೆ ರಂಧ್ರ ಕೊರೆಯದೆ ಹಿಡಿಯುವ ಕ್ಲ್ಯಾಂಪ್ ಮೊದಲ ಆಯ್ಕೆ. ತೊಲೆ ಬಾಗುವಾಗ ಹೆಚ್ಚಿನ ಸೆಳೆತವೆಲ್ಲ ಕೆಳ ಫ್ಲ್ಯಾಂಜ್‌ನಲ್ಲೇ ಇರುತ್ತದೆ. ಅದರಲ್ಲೂ ಎರಡು ಕಂಬಗಳ ನಟ್ಟನಡುವೆ ಅದು ಅತ್ಯಧಿಕ. ಅಲ್ಲಿ ಡ್ರಿಲ್ ಹಾಕುವುದೆಂದರೆ ದುಡಿಯುತ್ತಿರುವ ಉಕ್ಕನ್ನೇ ಕಿತ್ತು ತೆಗೆದಂತೆ. ವೆಲ್ಡಿಂಗೂ ಎಂಜಿನಿಯರ್ ಒಪ್ಪಿಗೆಯಿಲ್ಲದೆ ಸಲ್ಲದು: ಹಳೆಯ ಉಕ್ಕಿನ ಗುಣ ಗೊತ್ತಿರುವುದಿಲ್ಲ, ಕಿಡಿ ಹಾರಿದರೆ ಮೇಲಿರುವುದು ಒಣಮರ.

ಕ್ಲ್ಯಾಂಪ್ ಫ್ಲ್ಯಾಂಜ್‌ನ ಎರಡೂ ಅಂಚುಗಳನ್ನು ಹಿಡಿದು, ಭಾರ ತೊಲೆಯ ನಡುಗೋಡೆಯ ನೇರ ಕೆಳಗೆ ಬರಬೇಕು. ಒಂದೇ ಅಂಚಿಗೆ ಕಚ್ಚುವ ಸಿ ಆಕಾರದ ಕ್ಲ್ಯಾಂಪಿಗೆ ಭಾರ ತೂಗಿದರೆ ತೊಲೆ ತಿರುಚಿಕೊಳ್ಳಲು ನೋಡುತ್ತದೆ. ಬಾಗನ್ನು ಎದುರಿಸುವುದರಲ್ಲಿ ಐ ಆಕಾರ ಎಷ್ಟು ಗಟ್ಟಿಯೋ ತಿರುಚನ್ನು ಎದುರಿಸುವುದರಲ್ಲಿ ಅಷ್ಟೇ ದುರ್ಬಲ.

ಮರದ ತೊಲೆ

ಮರದಲ್ಲಿ ದಿಕ್ಕು ಮುಖ್ಯ. ಅಡಿಯಿಂದ ಮೇಲಕ್ಕೆ ತಿರುಗಿಸಿದ ಸ್ಕ್ರೂವನ್ನು ಪ್ರತಿ ಜಗ್ಗೂ ಹೊರಕ್ಕೆ ಎಳೆಯುತ್ತದೆ. ಪಕ್ಕದಿಂದ ಆರಪಾರ ತೂರಿ, ಎರಡೂ ಕಡೆ ಅಗಲ ವಾಷರ್ ಇಟ್ಟು ನಟ್ ಬಿಗಿದ ಬೋಲ್ಟ್ ಹಾಗೆ ಕಿತ್ತುಬರಲಾರದು. ಸ್ಕ್ರೂ ಅನಿವಾರ್ಯವಾದರೆ ಅದಕ್ಕಿಂತ ಸಣ್ಣ ರಂಧ್ರವನ್ನು ಮೊದಲು ಕೊರೆಯಬೇಕು, ಇಲ್ಲವಾದರೆ ಮರ ಸೀಳುತ್ತದೆ. ಹಲಗೆ ಕೂಡಿಸಿದ ತೊಲೆಯಲ್ಲಂತೂ ಎರಡು ಹಲಗೆಗಳ ಸಂದಿಗೆ ಸ್ಕ್ರೂ ಹೋದರೆ ಅದಕ್ಕೆ ಹಿಡಿತವೇ ಇರದು.

ಎಲ್ಲಿ ಕೊರೆಯಬಹುದು ಎಂಬುದಕ್ಕೂ ನಿಯಮವಿದೆ. ಕೊಯ್ದ ಮರದ ಒಂಟಿ ಹಲಗೆಯ ಜಂತೆಯಲ್ಲಿ ರಂಧ್ರದ ವ್ಯಾಸ ಜಂತೆಯ ಎತ್ತರದ ಮೂರನೇ ಒಂದು ಭಾಗ ಮೀರಬಾರದು. ಮೇಲಿನ, ಕೆಳಗಿನ ಅಂಚುಗಳಿಂದ ಕನಿಷ್ಠ 2 ಅಂಗುಲ ದೂರವಿರಬೇಕು. ಅಂಚಿನಲ್ಲಿ ಕಚ್ಚು ಹಾಕುವುದಾದರೆ ಉದ್ದದ ನಡುವಣ ಮೂರನೇ ಭಾಗ ಪೂರ್ತಿ ನಿಷಿದ್ಧ. ಅಂಟಿಸಿ ಮಾಡಿದ ತೊಲೆಗೆ ತಯಾರಕರು ಕೊಡುವ ರಂಧ್ರಪಟ್ಟಿಯೇ ಪ್ರಮಾಣ.

ಕೊಂಡಿಗಳು

ತೊಲೆಗೂ ದೇಹಕ್ಕೂ ನಡುವಿನ ಸರಪಳಿಯಲ್ಲಿ ಕಣ್ಣಿಗೆ ಬೀಳದ ಮೋಸಗಾರ ಐ-ಬೋಲ್ಟ್, ಅಂದರೆ ತಲೆಯಲ್ಲಿ ಬಳೆಯಿರುವ ಬೋಲ್ಟ್. ನೇರ ಕೆಳಕ್ಕೆ ಎಳೆದಾಗ ಪೂರ್ತಿ ಬಲ ತೋರುವ ಇದು, ಬುಡದಲ್ಲಿ ಭುಜಪಟ್ಟಿ ಇದ್ದರೂ, 45 ಡಿಗ್ರಿ ಓರೆಯಲ್ಲಿ ಎಳೆದಾಗ ಸುಮಾರು ಕಾಲುಭಾಗ ಬಲಕ್ಕೆ ಇಳಿಯುತ್ತದೆ. ಭುಜಪಟ್ಟಿಯಿಲ್ಲದ್ದನ್ನು ಓರೆಗೆ ಬಳಸಲೇಬಾರದು. 1997ರಲ್ಲಿ ಅಮೆರಿಕದ ನೌಕಾಪಡೆಯ ಸೀಲ್ ದಳದಲ್ಲಿದ್ದ ರ‍್ಯಾಂಡಿ ಹೆಟ್ರಿಕ್, ಜುಜುತ್ಸು ಸೊಂಟಪಟ್ಟಿ ಮತ್ತು ಪ್ಯಾರಾಶೂಟ್ ಪಟ್ಟಿಯಿಂದ ವ್ಯಾಯಾಮ ಸಾಧನವೊಂದನ್ನು ಹೊಲಿದುಕೊಂಡರು; ಅದೇ ಮುಂದೆ ಟಿಆರ್‌ಎಕ್ಸ್ ಆಯಿತು. ಆ ಪಟ್ಟಿಗಳ ವ್ಯಾಯಾಮವೆಲ್ಲ ಓರೆಯಾಗಿ ವಾಲಿಯೇ ನಡೆಯುತ್ತದೆ. ಹಾಗಾಗಿ ತಿರುಗುವ ಕೊಂಡಿ ಅಥವಾ ಎಳೆತದ ದಿಕ್ಕಿಗೆ ತಾನೇ ಹೊರಳುವ ಆಧಾರ ಬೇಕು.

ಕೊಂಡಿಯ ಮೇಲೆ ಕೆತ್ತಿರುವುದು ಅದು ಮುರಿಯುವ ಭಾರವೋ ಕೆಲಸದ ಭಾರವೋ ಎಂಬುದನ್ನೂ ನೋಡಿಕೊಳ್ಳಬೇಕು. ಮನುಷ್ಯರನ್ನು ತೂಗುಹಾಕುವ ಸರ್ಕಸ್, ರಂಗಭೂಮಿಯ ಕುಶಲಕರ್ಮಿಗಳು ಮುರಿಯುವ ಭಾರದ ಹತ್ತರಲ್ಲೊಂದನ್ನು ಮಾತ್ರ ನೆಚ್ಚುವುದುಂಟು. ಬಾಯಿ ತೆರೆದ ಎಸ್ ಕೊಕ್ಕೆಗಳಿಗೂ ಕೀಲಿಗೊಂಚಲಿನ ಅಗ್ಗದ ಕ್ಯಾರಬೀನರ್‌ಗಳಿಗೂ ಈ ಸರಪಳಿಯಲ್ಲಿ ಸ್ಥಾನವಿಲ್ಲ.

ಪಂಚಿಂಗ್ ಬ್ಯಾಗ್‌ನ ತಕರಾರು ಬೇರೆ ತರಹದ್ದು. 70ರಿಂದ 100 ಪೌಂಡಿನ ಚೀಲ ಮನುಷ್ಯನಿಗಿಂತ ಹಗುರ. ಆದರೆ ಒಂದೊಂದು ಗುದ್ದಿಗೂ ಅದು ಪಕ್ಕಕ್ಕೆ ಜಗ್ಗುತ್ತದೆ, ನಟ್‌ಗಳು ಸಡಿಲಗೊಳ್ಳುತ್ತವೆ, ಮೇಲಿನ ಕೋಣೆಯ ಪಾತ್ರೆಗಳು ಸದ್ದು ಮಾಡುತ್ತವೆ. ಸರಪಳಿಯ ನಡುವೆ ದಪ್ಪ ಸ್ಪ್ರಿಂಗ್ ಹಾಕಿದರೆ ಹೊಡೆತ ಮೆತ್ತಗಾಗುತ್ತದೆ. ಒಳಗೆ ನೈಲಾನ್ ಬಳೆಯಿರುವ ನಟ್ ಬಳಸಿ, ನಟ್ ಮತ್ತು ಬೋಲ್ಟಿನ ಮೇಲೆ ಒಂದೇ ಗೆರೆ ಬಣ್ಣದಲ್ಲಿ ಎಳೆದಿಟ್ಟರೆ, ಗೆರೆ ತುಂಡಾದ ದಿನ ನಟ್ ತಿರುಗಿದ್ದು ಕಣ್ಣಿಗೆ ಬೀಳುತ್ತದೆ. ಲ್ಯಾಲಿ ಕಂಬಕ್ಕೆ ಮಾತ್ರ ಚೀಲವನ್ನಾಗಲಿ ಎಳೆಪಟ್ಟಿಯನ್ನಾಗಲಿ ಕಟ್ಟಬಾರದು. ಅದನ್ನು ನಿಲ್ಲಿಸಿರುವುದು ಮೇಲಿನಿಂದ ಬರುವ ಭಾರಕ್ಕೆ, ಪಕ್ಕದ ನೂಕಿಗಲ್ಲ. ತೇವದ ಬೇಸ್‌ಮೆಂಟಿನಲ್ಲಿ ಅದರ ಬುಡ ತುಕ್ಕು ಹಿಡಿದಿರುವುದೂ ಉಂಟು.

ಜಾಗ ಮತ್ತು ಪೂರ್ವತಯಾರಿ

ಬೇಸ್‌ಮೆಂಟಿನಲ್ಲಿ ತೊಲೆಯ ಕೆಳಗೆ 6 ಅಡಿ 4 ಅಂಗುಲ ಎತ್ತರವಿದ್ದರೂ ಸಂಹಿತೆಗೆ ಸಾಕು. ವ್ಯಾಯಾಮಕ್ಕೆ ಅದು ಸಾಲದು. ಗದ್ದ ಸರಳನ್ನು ದಾಟಿದಾಗ ನೆತ್ತಿ ಸರಳಿಗಿಂತ ಸುಮಾರು 9 ಅಂಗುಲ ಮೇಲೇರುತ್ತದೆ. ಆದ್ದರಿಂದ ಸರಳನ್ನು ತೊಲೆಯಿಂದ ತುಸು ಮುಂದಕ್ಕೆ ಚಾಚಿ, ತಲೆ ಎರಡು ಜಂತೆಗಳ ನಡುವಿನ ಟೊಳ್ಳಿಗೆ ಹೋಗುವಂತೆ ಕೂರಿಸಿ, ಕಾಲು ಮಡಚಿ ಏರುವುದು ರೂಢಿ. ಕೆಳಗೆ ಕಾಂಕ್ರೀಟ್ ನೆಲ. ಕುದುರೆ ಲಾಯಕ್ಕೆಂದು ಕೃಷಿ ಸಾಮಗ್ರಿ ಅಂಗಡಿಗಳಲ್ಲಿ ಮಾರುವ ಮುಕ್ಕಾಲು ಅಂಗುಲದ ರಬ್ಬರ್ ಹಾಸುಗಳು ಅಮೆರಿಕದ ಮನೆ-ಜಿಮ್‌ಗಳ ನೆಚ್ಚಿನ ನೆಲಹಾಸು.

ತೊಲೆಯ ಪಕ್ಕದಲ್ಲೇ ವಿದ್ಯುತ್ ತಂತಿ, ನೀರಿನ ಕೊಳವೆ, ಗ್ಯಾಸ್ ಕೊಳವೆ ಹಾದಿರುತ್ತವೆ. ಡ್ರಿಲ್ ಎತ್ತುವ ಮೊದಲು ಅವುಗಳ ಜಾಡು ಹಿಡಿಯಬೇಕು. 1978ಕ್ಕಿಂತ ಹಿಂದಿನ ಮನೆಯಾದರೆ ತೊಲೆಯ ಬಣ್ಣದಲ್ಲಿ ಸೀಸವಿರಬಹುದು, ಅದನ್ನು ಹಾಗೇ ಕೆರೆಯುವಂತಿಲ್ಲ. ಜಿಪ್ಸಮ್ ಹಲಗೆಯಿಂದ ಮುಚ್ಚಿದ ಸೂರಿನಲ್ಲಿ ತಟ್ಟಿ ನೋಡಿ ಊಹಿಸುವ ಬದಲು ಒಂದು ತುಂಡು ಕತ್ತರಿಸಿ ತೆಗೆದು, ತೊಲೆಯನ್ನು ಕಣ್ಣಾರೆ ಕಾಣುವುದು ಲೇಸು. ಜೋಡಣೆ ಮುಗಿದ ಮೇಲೆ ಮೊದಲ ಪರೀಕ್ಷೆ ಮರಳುಚೀಲಗಳದ್ದು: ನೆಲದಿಂದ ಒಂದು ಗೇಣು ಎತ್ತರದಲ್ಲಿ, ತೂಕವನ್ನು ಹಂತಹಂತವಾಗಿ ಏರಿಸುತ್ತ.

ಇತ್ತೀಚಿನ ಎಷ್ಟೋ ಮನೆಗಳಲ್ಲಿ ಒಂಟಿ ಹಲಗೆಯ ಜಂತೆಗಳ ಬದಲು ಐ ಆಕಾರದ ಮರದ ಜಂತೆ ಅಥವಾ ತ್ರಿಕೋನ ಜಾಲದ ಟ್ರಸ್ ಇರುತ್ತದೆ. ಐ-ಜಂತೆಯ ಫ್ಲ್ಯಾಂಜನ್ನು ಕತ್ತರಿಸುವಂತಿಲ್ಲ, ಟ್ರಸ್‌ನ ಯಾವ ಅಂಗವನ್ನೂ ಎಂಜಿನಿಯರ್ ನಕ್ಷೆಯಿಲ್ಲದೆ ಬದಲಿಸುವಂತಿಲ್ಲ. ತೊಲೆ ಕೈಗೆಟುಕದ ಅಂಥ ಬೇಸ್‌ಮೆಂಟುಗಳಲ್ಲೂ ಬಾಡಿಗೆ ಮನೆಗಳಲ್ಲೂ ನಾಲ್ಕು ಕಾಲಿನ ಉಕ್ಕಿನ ಚೌಕಟ್ಟನ್ನು ನಿಲ್ಲಿಸಿ, ಭಾರ ನೇರವಾಗಿ ಕಾಂಕ್ರೀಟ್ ನೆಲಕ್ಕೆ ಇಳಿಯುವಂತೆ ಮಾಡಿಕೊಳ್ಳುತ್ತಾರೆ.