ಬರದ ಮಕ್ಕಳು ಕಟ್ಟಿದ ಸಭೆ

ಸಾದಲಿ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳಬರು 'ದಾತ ಕರುವು' ಎನ್ನುತ್ತಿದ್ದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬದುಕುವ ಈ ಗಡಿ ಸೀಮೆಯಲ್ಲಿ ಧಾತು ಸಂವತ್ಸರದ ಬರಕ್ಕೆ ಅದೇ ಹೆಸರು. 1875ರಲ್ಲಿ ಮಳೆ ತಗ್ಗಿತು, 1876ರಲ್ಲಿ ಪೂರ್ತಿ ಕೈಕೊಟ್ಟಿತು, ಮರುವರ್ಷವೂ ಹೊತ್ತಿಗೆ ಬರಲಿಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50,55,412 ಇತ್ತು. 1881ರಲ್ಲಿ ಎಣಿಸಿದಾಗ ಉಳಿದವರು 41,86,188. ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ಸಾದಲಿಯೂ ಕೋಲಾರ ಜಿಲ್ಲೆಗೇ ಸೇರಿತ್ತು. ಹಾಗಾಗಿ ಕೋಲಾರದ ಆ ಕಥೆ ನಮ್ಮ ಮನೆಯದೇ ಕಥೆ.

ಸಭೆಗಳ ಸ್ಮರಣ ಸಂಚಿಕೆಗಳು ಸಾಮಾನ್ಯವಾಗಿ ಅಡಿಗಲ್ಲು ಹಾಕಿದ ದಿನದಿಂದ, ಮಿಷನರಿ ದೊರೆಗಳ ಭಾವಚಿತ್ರದಿಂದ ಶುರುವಾಗುತ್ತವೆ. ಈ ಸೀಮೆಯ ಕ್ರೈಸ್ತ ಸಭೆಗಳ ಚರಿತ್ರೆಯನ್ನು ಹಸಿವಿನಿಂದಲೇ ಶುರುಮಾಡಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಸುವಾರ್ತೆ ಅದಕ್ಕೂ ಮೊದಲೇ ಇಲ್ಲಿಗೆ ಬಂದಿತ್ತು, ನಿಜ. 1702ರಲ್ಲಿ ಪುಂಗನೂರಿನಲ್ಲಿ ನೆಲೆಯೂರಿದ ಫ್ರೆಂಚ್ ಜೆಸ್ವಿತ್ ಪಾದ್ರಿಗಳು ಸಂನ್ಯಾಸಿಗಳ ವೇಷದಲ್ಲಿ ಈ ಪಾಳೆಯಗಾರರ ನಾಡಿನಲ್ಲಿ ಓಡಾಡಿದರು. ಅವರಲ್ಲಿ ಲೆ ಗಾಕ್ ಎಂಬವರು ಚಿಕ್ಕಬಳ್ಳಾಪುರದಿಂದ ಬರೆದ ಕಾಗದ ಫ್ರಾನ್ಸಿನಲ್ಲಿ ಅಚ್ಚಾಯಿತು. ಆದರೆ ಬಡವರ ಮನೆಯೊಳಗೆ ವಿಶ್ವಾಸ ಬೇರು ಬಿಟ್ಟಿದ್ದು ಧಾತು ಬರದ ನಂತರವೇ.

ಕೋಲಾರದಲ್ಲಿ ಆಗ ಲೂಯಿಸಾ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಇದ್ದರು. ಮೊದಲು ಲಂಡನ್ ಮಿಷನ್ನಿನವರು, ಆಮೇಲೆ ಸ್ವತಂತ್ರವಾಗಿ ಕೆಲಸಕ್ಕೆ ನಿಂತವರು. ಮದುವೆಯಾಗದ ಹೆಂಗಸು, ಬೆನ್ನಿಗೆ ದೊಡ್ಡ ಸಂಘವಿಲ್ಲ. ಬರ ಬಿದ್ದಾಗ ತಂದೆತಾಯಿ ಸತ್ತ, ದಾರಿಯಲ್ಲಿ ಬಿಟ್ಟುಹೋದ ಮಕ್ಕಳನ್ನು ನೂರುಗಟ್ಟಲೆ ಒಳಗೆ ಕರೆದುಕೊಂಡರು. ಬೇರೆ ಮಿಷನ್ನುಗಳೂ ಸುಮ್ಮನೆ ಕೂತಿರಲಿಲ್ಲ. ತುಮಕೂರು, ಹಾಸನಗಳಲ್ಲಿ ವೆಸ್ಲಿಯನ್ನರ ಅನಾಥಾಲಯಗಳು ಎದ್ದವು, ಬೆಂಗಳೂರಿನ ಪಕ್ಕದ ಸಿಲುವೆಪುರದಲ್ಲಿ ಕಥೋಲಿಕರು ಬರದ ಅನಾಥರಿಗೆಂದೇ ಊರು ಕಟ್ಟಿದರು.

ಬರದ ಮಗುವನ್ನು ಉಳಿಸುವುದೆಂದರೆ ಅನ್ನ ಬಡಿಸುವುದಲ್ಲ. ಒಣಗಿದ ಹೊಟ್ಟೆಗೆ ಒಮ್ಮೆಗೇ ಹಿಟ್ಟು ಬಿದ್ದರೆ ಮಗು ಅಂದೇ ಸಾಯಬಹುದು. ತೆಳು ಗಂಜಿಯನ್ನು ಗುಟುಕು ಗುಟುಕಾಗಿ, ಹೊತ್ತು ಹೊತ್ತಿಗೆ, ರಾತ್ರಿಯೂ ಎದ್ದು ಕುಡಿಸಬೇಕು. ಪಕ್ಕದಲ್ಲಿ ಮಲಗಿದ ಮಗುವಿಗೆ ಆಮಶಂಕೆ, ಅದರಾಚೆಯದಕ್ಕೆ ಸಿಡುಬು. ಮಲ ಬಳಿಯಬೇಕು, ಹುಣ್ಣು ತೊಳೆಯಬೇಕು, ಸತ್ತದ್ದನ್ನು ಮಣ್ಣು ಮಾಡಿ ಬಂದು ಬದುಕಿದ್ದಕ್ಕೆ ಮತ್ತೆ ಗಂಜಿ ಕಾಯಿಸಬೇಕು. ಊರಿನ ಹೆಸರನ್ನೂ ಹೇಳಲಾರದಷ್ಟು ಎಳೆಯ ಮಕ್ಕಳಿಗೆ ಬೈಬಲ್ಲಿನ ಪಾಠ ಆಮೇಲಿನ ಮಾತು. ದೇವರು ಅವರ ಬಳಿಗೆ ಮೊದಲು ಬಂದದ್ದು ಬಟ್ಟಲಿನ ರೂಪದಲ್ಲಿ.

'ಗಂಜಿಗಾಗಿ ಮತ ಬಿಟ್ಟವರು' ಎಂಬ ಹಳೆಯ ಆಕ್ಷೇಪಕ್ಕೆ ಇಲ್ಲಿ ಉತ್ತರ ಹೇಳಲೇಬೇಕು. ಐದು ವರ್ಷದ ಮಗು ಮತವನ್ನು ಆರಿಸಿಕೊಳ್ಳಲಾರದು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮಗು ಮಗುವಾಗಿಯೇ ಉಳಿಯುವುದಿಲ್ಲ. 1878ರ ಹೊತ್ತಿಗೆ ಬರ ಮುಗಿಯಿತು, ಕೆರೆ ತುಂಬಿತು, ರಾಗಿ ಬೆಳೆಯಿತು. ಬೆಳೆದು ನಿಂತ ಹುಡುಗರಿಗೆ ಎದ್ದು ಹೋಗುವ ದಾರಿ ತೆರೆದಿತ್ತು, ಕೆಲವರು ಹೋಗಿಯೂ ಇರಬಹುದು. ಗಂಜಿಯೊಂದೇ ಕಾರಣವಾಗಿದ್ದರೆ ಗಂಜಿ ನಿಂತ ಮೇಲೆ ಸಭೆಯೂ ನಿಲ್ಲಬೇಕಿತ್ತು. ಊರಿನವರ ತಾತ್ಸಾರ ಸಹಿಸಿಕೊಂಡು ಉಳಿದವರು, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದವರು ಹೊಟ್ಟೆ ತುಂಬಿದ ಮೇಲೆ ಆ ನಿರ್ಧಾರ ಮಾಡಿದರು. ಅವರ ಪರಿವರ್ತನೆಯ ಮುಹೂರ್ತ ಅದು.

ನನ್ನನ್ನು ಬಹಳ ಕಾಡುವುದು ಆ ಹೆಣ್ಣುಮಕ್ಕಳ ಮದುವೆ. ಹಿಂದೆ ಕುಲವಿಲ್ಲ, ಬಳಗವಿಲ್ಲ, ಸೋದರಮಾವನಿಲ್ಲ. ಅನಾಥಾಲಯದ ಹುಡುಗಿಗೆ ಅನಾಥಾಲಯದ ಹುಡುಗನನ್ನೇ ಗೊತ್ತುಮಾಡುವುದು ಮಿಷನ್ನುಗಳ ರೂಢಿಯಾಯಿತು. ಬಸುರಿಯಾದರೆ ಕರೆಸಿಕೊಳ್ಳುವವರು ಯಾರು? ಹಬ್ಬಕ್ಕೆ ಸೀರೆ ಕೊಡುವವರು ಯಾರು? ಮಿಷನ್ ಕಾಂಪೌಂಡೇ ತವರುಮನೆಯಾಯಿತು, 'ಮಿಸ್ಸಮ್ಮ' ಎಂದು ಕರೆಸಿಕೊಂಡ ಪರದೇಶದ ಹೆಂಗಸೇ ತಾಯಿಯಾದಳು. ಹೊಲೇರ ಮಗು, ಒಕ್ಕಲಿಗರ ಮಗು, ಯಾರದೆಂದೇ ಗೊತ್ತಿಲ್ಲದ ಮಗು ಒಂದೇ ಸಾಲಿನಲ್ಲಿ ಉಣ್ಣುವುದು ಅಂದಿನ ಕಾಲಕ್ಕೆ ಊಹೆಗೂ ಮೀರಿದ್ದು. ಸಾವಿನಂಥ ಕಷ್ಟದಿಂದಲೇ ಅಂಥ ಪಂಕ್ತಿ ಹುಟ್ಟಿತು. ಆಮೇಲಿನ ದಿನಗಳಲ್ಲಿ ನಮ್ಮ ಸಭೆಗಳೊಳಕ್ಕೇ ಜಾತಿಯ ಲೆಕ್ಕ ಮರಳಿ ನುಸುಳಿದ್ದು ನೆನೆದರೆ ಸಂಕಟವಾಗುತ್ತದೆ. ಬರದ ಮಕ್ಕಳ ಸಾಲನ್ನು ಮರೆತವರಿಗೆ ಸಭೆಯ ಚರಿತ್ರೆ ಗೊತ್ತಿಲ್ಲ ಎಂದೇ ಅರ್ಥ.

1890ರಲ್ಲಿ ಆನ್‌ಸ್ಟಿ ತಮ್ಮ ಕೆಲಸವನ್ನು ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಒಪ್ಪಿಸಿದರು. ಕೈಕಸುಬು ಕಲಿಸುವ ಶಾಲೆ ಬೆಳೆಯಿತು, ಹಾಲಿಸ್ಟರ್ ಎಂಬ ಪಾದ್ರಿಯ ಕಾಲದಲ್ಲಿ ಕಬ್ಬಿಣದ ನೇಗಿಲಿಗೂ ಪ್ರಚಾರ ಸಿಕ್ಕಿತು. 1910ರಲ್ಲಿ ಕೋಲಾರದಲ್ಲಿ ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಇಟಿಸಿಎಂ, ಬಾಗಿಲು ತೆರೆಯಿತು.

ಇತ್ತ ಸಾದಲಿಗೆ ಹತ್ತಿರದ ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನ ಆರ್. ಎ. ಹಿಕ್ಲಿಂಗ್ ದೀರ್ಘಕಾಲ ದುಡಿದರು, ಹಳ್ಳಿಯಿಂದ ಹಳ್ಳಿಗೆ ಡೇರೆ ಹೂಡುತ್ತ ತಿರುಗಿದರು. ಆ ಪಟ್ಟಣದ ಮಿಷನ್ ಆಸ್ಪತ್ರೆಗೆ ಬಳ್ಳಾರಿಯಲ್ಲಿ ಹುಟ್ಟಿ ಲಂಡನ್ ಮಿಷನ್ನಿನ ಕಾರ್ಯದರ್ಶಿಯಾಗಿದ್ದ ವಾರ್ಡ್‌ಲಾ ಥಾಮ್ಸನ್ನರ ಹೆಸರಿಟ್ಟರು. ಇಂದು ಅದನ್ನು ಸಿಎಸ್‌ಐ ಆಸ್ಪತ್ರೆ ಎನ್ನುತ್ತೇವೆ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆ (ಸಿಎಸ್‌ಐ) ಒಂದುಗೂಡಿದಾಗ ಲಂಡನ್ ಮಿಷನ್ನಿನ ಸಭೆಗಳು ಅದರೊಳಗೆ ಸೇರಿದವು, ಕೋಲಾರದ ಮೆಥೋಡಿಸ್ಟರು ಹೊರಗುಳಿದರು. ಒಂದೇ ಮನೆತನದ ಅಣ್ಣ ಸಿಎಸ್‌ಐ, ತಂಗಿಯ ಗಂಡನ ಮನೆ ಮೆಥೋಡಿಸ್ಟ್ ಆಗಿರುವುದರ ಹಿಂದೆ ಮಿಷನ್ನುಗಳ ನಡುವಿನ ಈ ಹಳೆಯ ಎಲ್ಲೆಯಿದೆ.

ಈಗಿನ ಕಷ್ಟಗಳ ಮುಖ ಬೇರೆ. ಸಾದಲಿ ಹೋಬಳಿಯಲ್ಲಿ ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್ಲಿನಲ್ಲಿ ಬರೀ ಧೂಳು ಬಂದ ಮನೆಗಳಿವೆ. ರೇಷ್ಮೆಹುಳು ನಾಲ್ಕನೇ ಜ್ವರ ದಾಟಿ ಇನ್ನೇನು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು ಎನ್ನುವಾಗ ಹಾಲುರೋಗ ತಗಲಿದರೆ ಒಂದೇ ವಾರದಲ್ಲಿ ಸಾಲ ಮನೆಮುಂದೆ ಬಂದು ಕೂರುತ್ತದೆ. ಅದರ ಮೇಲೆ ಗಂಡನ ಕುಡಿತ. ಪ್ರಾರ್ಥನಾ ಕೂಟದಲ್ಲಿ ಸೆರಗು ತಲೆಗೆ ಹೊದ್ದು ಎದ್ದು ನಿಲ್ಲುವ ಹೆಂಗಸರ ಸಾಕ್ಷಿಗಳಲ್ಲಿ ಈ ಮೂರೂ ಒಟ್ಟಿಗೆ ಬರುತ್ತವೆ. ಅರ್ಧ ತೆಲುಗು, ಅರ್ಧ ಕನ್ನಡ. ಬಾವಿಯ ಕಟ್ಟೆವರೆಗೆ ಹೋಗಿದ್ದೆ, ಹಿಂದಿನಿಂದ ಯಾರೋ ನನ್ನ ಹೆಸರು ಹಿಡಿದು ಕೂಗಿದ ಹಾಗಾಯಿತು ಎಂದು ಒಬ್ಬಾಕೆ ಹೇಳಿದ್ದನ್ನು ಕೇಳಿದ್ದೇನೆ. ತಿರುಗಿ ನೋಡಿದರೆ ಯಾರೂ ಇರಲಿಲ್ಲವಂತೆ. ಆಕೆ ಮನೆಗೆ ಮರಳಿದಳು, ಸಂಘದ ಹೆಂಗಸರು ಸಾಲದ ಕಂತಿಗೆ ಹೆಗಲು ಕೊಟ್ಟರು, ಗಂಡನನ್ನು ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸಿದರು. ಕೂಗಿದ್ದು ಯಾರು ಎಂಬುದರಲ್ಲಿ ಆಕೆಗೆ ಅನುಮಾನವಿಲ್ಲ, ನನಗೂ ಇಲ್ಲ. ಪ್ರಾರ್ಥಿಸಿದ ಮೇಲೆ ಮಾತ್ರೆ ಬೇಡ ಎನ್ನುವ ಬೋಧನೆಯನ್ನು ಮಾತ್ರ ನಾನು ಒಪ್ಪಲಾರೆ. ಈ ಸೀಮೆಯಲ್ಲಿ ದೇವರ ಕೈ ಮೊದಲಿನಿಂದಲೂ ಗಂಜಿ ಕಾಯಿಸಿದೆ, ಹುಣ್ಣು ತೊಳೆದಿದೆ, ಆಸ್ಪತ್ರೆ ಕಟ್ಟಿಸಿದೆ.

ಇಂಥ ಸಾಕ್ಷಿಗಳು ಹೇಳಿದ ಕ್ಷಣಕ್ಕೇ ಕಳೆದುಹೋಗುತ್ತಿವೆ. ದೊರೆಗಳ ವರದಿಗಳು ಲಂಡನ್ನಿನಲ್ಲಿ, ಅಮೆರಿಕದಲ್ಲಿ ಜೋಪಾನವಾಗಿವೆ. ಬರದ ಮಕ್ಕಳು ತಮ್ಮ ಬಾಯಿಂದ ಹೇಳಿದ್ದು ಮೊಮ್ಮಕ್ಕಳ ನೆನಪಿನಲ್ಲಷ್ಟೇ ಇದೆ, ಆ ಮೊಮ್ಮಕ್ಕಳ ಮಕ್ಕಳಿಗೂ ಈಗ ವಯಸ್ಸಾಗಿದೆ. ಸಭೆಯ ಯುವಕರಲ್ಲಿ ನನ್ನ ವಿನಂತಿ ಇಷ್ಟು: ಹಿರಿಯರ ಮಾತನ್ನು ಫೋನಿನಲ್ಲಿ ಅವರದೇ ತೆಲುಗುಗನ್ನಡದಲ್ಲಿ ಹಿಡಿದಿಡಿ, ತಿದ್ದಬೇಡಿ. ದೀಕ್ಷಾಸ್ನಾನ ಮತ್ತು ಮದುವೆಯ ಹಳೆಯ ರಿಜಿಸ್ಟರುಗಳು ಗೆದ್ದಲು ತಿನ್ನುವ ಮೊದಲು ಒಂದೊಂದು ಪುಟದ ಚಿತ್ರ ತೆಗೆಯಿರಿ. ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟಿರುವ ನಮೂದುಗಳು ಸಿಕ್ಕರೆ ಅವನ್ನು ಮೊದಲು ಬರೆದುಕೊಳ್ಳಿ.