ಲೋಹದ ಕಥೆ, ಭಾಗ 4: ಒಲ್ಲದ ಜೋಡಿ ಒಂದಾದಾಗ

925 ಅಂತ ಮುದ್ರೆ ಇರೋ ಬೆಳ್ಳಿ ಉಂಗುರ ನೋಡಿದ್ದೀರಲ್ವಾ? ಅದರಲ್ಲಿ 92.5% ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಕಣ್ಣಿಗೆ ಒಂದೇ ಲೋಹ. ಆದ್ರೆ ಇಂಥ ಮಿಶ್ರಲೋಹವನ್ನ ಕರಗಿಸಿ ನಿಧಾನಕ್ಕೆ ತಣಿಸಿದ್ರೆ, ಸೂಕ್ಷ್ಮದರ್ಶಕದಲ್ಲಿ ಬೇರೆಯದೇ ದೃಶ್ಯ: ಬೆಳ್ಳಿ ಹೆಚ್ಚಿರೋ ಭಾಗ ಒಂದು ಕಡೆ, ತಾಮ್ರ ಹೆಚ್ಚಿರೋ ಭಾಗ ಇನ್ನೊಂದು ಕಡೆ!

ಇದೇ ಒಗಟು. ಬಿಸಿಯಲ್ಲಿ ಚಿನ್ನ ಈ ಎರಡರ ಜೊತೆಗೂ ಎಷ್ಟು ಬೇಕಾದ್ರೂ ಬೆರೆಯುತ್ತೆ. ಮೂರರದ್ದೂ ಒಂದೇ ಬಗೆಯ ಹರಳಿನ ರಚನೆ. ಹಾಗಿದ್ರೆ ತಾಮ್ರ ಮತ್ತು ಬೆಳ್ಳಿ ಮಾತ್ರ ಯಾಕೆ ದೂರ ದೂರ?

ಅಮೆರಿಕದ ಕ್ಯಾಲ್ಟೆಕ್‌ನಲ್ಲಿದ್ದ ಬೆಲ್ಜಿಯಂ ಮೂಲದ ವಿಜ್ಞಾನಿ ಪೋಲ್ ಡ್ಯುವೆಜ್ ಈ ಪ್ರಶ್ನೆಯ ಬೆನ್ನು ಹತ್ತಿದರು. ಬೇರೆಯಾಗೋಕೆ ಪರಮಾಣುಗಳು ಓಡಾಡಬೇಕು, ಅದಕ್ಕೆ ಸಮಯ ಬೇಕು. ಆ ಸಮಯವನ್ನೇ ಕೊಡದಿದ್ರೆ? ಅವರ ತಂಡ ಕರಗಿದ ಮಿಶ್ರಲೋಹದ ಸಣ್ಣ ಹನಿಯನ್ನ ಅನಿಲದ ಒತ್ತಡದಿಂದ ತಣ್ಣನೆಯ ತಾಮ್ರದ ಹಾಳೆಗೆ ರಪ್ ಅಂತ ಹೊಡೆಸಿತು. ತಣಿಯುವ ವೇಗ ಸೆಕೆಂಡಿಗೆ ಸುಮಾರು 10 ಲಕ್ಷ ಡಿಗ್ರಿ! ಕುರ್ಚಿ ಆಟದಲ್ಲಿ ಹಾಡು ತಟ್ಟನೆ ನಿಂತ ಹಾಗೆ, ಪರಮಾಣುಗಳು ಇದ್ದಲ್ಲೇ ಸಿಕ್ಕಿಬಿದ್ದವು. ಎಕ್ಸ್-ರೇ ಪರೀಕ್ಷೆಯಲ್ಲಿ ಕಂಡದ್ದು ಒಂದೇ ಹರಳು ರಚನೆ. ಇದು ಪ್ರಕಟವಾದದ್ದು 1960ರಲ್ಲಿ.

ಆದ್ರೆ ಈ ಒಗ್ಗಟ್ಟು ಶಾಶ್ವತ ಅಲ್ಲ. ಮತ್ತೆ ಕಾಯಿಸಿದ್ರೆ, ಕರಗೋ ಮೊದಲೇ, ಪರಮಾಣುಗಳಿಗೆ ಓಡಾಡೋ ಶಕ್ತಿ ಬರುತ್ತೆ. ಒಂದಾಗಿದ್ದದ್ದು ಮತ್ತೆ ಎರಡಾಗುತ್ತೆ. ವೇಗ ಕೂಡಿಸಿದ್ದನ್ನ ಶಾಖ ಬಿಡಿಸುತ್ತೆ.

ಹಾಗಾದ್ರೆ ಶಾಖ ಶತ್ರುನಾ? ಇಲ್ಲ! ತಾಮ್ರ–ಕ್ರೋಮಿಯಂ ನೋಡಿ. ಘನ ತಾಮ್ರದಲ್ಲಿ ಕ್ರೋಮಿಯಂ ಕರಗೋದು 1%ಕ್ಕಿಂತಲೂ ಕಡಿಮೆ. ಅತಿ ವೇಗವಾಗಿ ತಣಿಸಿದ್ರೆ ಅದಕ್ಕಿಂತ ಹೆಚ್ಚು ಕ್ರೋಮಿಯಂ ಒಳಗೇ ಉಳಿಯುತ್ತೆ. ಆಮೇಲೆ ಸುಮಾರು 450–500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದವಾಗಿ ಕಾಯಿಸಿದ್ರೆ ಅದು ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಹೊರಬರುತ್ತೆ. ಈ ಕಣಗಳು ಹರಳಿನೊಳಗಿನ ಜಾರುವಿಕೆಯನ್ನ ತಡೆಯುತ್ತವೆ, ಲೋಹ ಗಟ್ಟಿಯಾಗುತ್ತೆ. ಉಳಿದ ತಾಮ್ರ ಶುದ್ಧವಾಗೋದ್ರಿಂದ ವಿದ್ಯುತ್ ಕೂಡ ಚೆನ್ನಾಗಿ ಹರಿಯುತ್ತೆ. ಒಂದೇ ಏಟಿಗೆ ಎರಡು ಹಕ್ಕಿ!

ಹದ ಮೀರಿದ್ರೆ ಮಾತ್ರ ಕಣಗಳು ದಪ್ಪಗಾಗಿ, ಒಂದಕ್ಕೊಂದು ದೂರವಾಗಿ, ಗಟ್ಟಿತನ ಇಳಿಯುತ್ತೆ. ಪಾಕ ಹಿಡಿಯೋ ಹಾಗೇ ಇದೂ. ಒಲೆಯಿಂದ ಯಾವಾಗ ಇಳಿಸಬೇಕು ಅನ್ನೋದೇ ವಿದ್ಯೆ.

ಡ್ಯುವೆಜ್ ತಂಡ ಅದೇ ವರ್ಷ ಚಿನ್ನ–ಸಿಲಿಕಾನ್ ಮಿಶ್ರಣದಿಂದ ಹರಳೇ ಇಲ್ಲದ ಲೋಹದ ಗಾಜನ್ನೂ ತೋರಿಸಿತು. ಆ ಕಥೆ ಭಾಗ 5ರಲ್ಲಿ. ಮೆಟೀರಿಯಲ್ಸ್ ಪರೀಕ್ಷೆ ಇರೋ ಫ್ರೆಂಡ್‌ಗೆ ಇದನ್ನ ಕಳಿಸಿ 🙂

#ಲೋಹದಕಥೆ #ವಿಜ್ಞಾನದಇತಿಹಾಸ #ಕನ್ನಡದಲ್ಲಿವಿಜ್ಞಾನ