ಉಳಿದುಕೊಂಡ ನಗೆ

ಆಡಿದ ಮಾತು ಗಾಳಿಗೆ ಹೋಯಿತು ಎನ್ನುತ್ತೇವೆ. ಅಮೆರಿಕದ ಟೆಲಿವಿಷನ್ನಿನ ಮೊದಲ ವರ್ಷಗಳಲ್ಲಿ ನಾಟಕವೂ ಹಾಗೆಯೇ ಹೋಗುತ್ತಿತ್ತು. ನ್ಯೂಯಾರ್ಕಿನಲ್ಲಿ ನಟರು ಆಡಿದ್ದು ಆ ಕ್ಷಣವೇ ಪ್ರಸಾರವಾಗಿ ಮುಗಿಯುತ್ತಿತ್ತು. ಉಳಿದರೆ, ಪರದೆಯಿಂದ ಚಿತ್ರಿಸಿಕೊಂಡ ಮಸುಕು ಪ್ರತಿಯೊಂದು ಉಳಿಯುತ್ತಿತ್ತು.

1951ರಲ್ಲಿ ಸಿಬಿಎಸ್ ಸಂಸ್ಥೆಗಾಗಿ ‘ಐ ಲವ್ ಲೂಸಿ’ ಹಾಸ್ಯಮಾಲಿಕೆಗೆ ತೊಡಗಿದ ಲೂಸಿಲ್ ಬಾಲ್, ಡೆಸಿ ಅರ್ನಾಜ್ ದಂಪತಿಗಳು ಹಾಲಿವುಡ್ ಬಿಟ್ಟುಹೋಗಲು ಒಪ್ಪಲಿಲ್ಲ. ಪ್ರೇಕ್ಷಕರನ್ನು ಎದುರಿಗೇ ಕೂರಿಸಿಕೊಂಡು, ಮೂರು ಕ್ಯಾಮೆರಾಗಳಿಂದ 35 ಮಿಲಿಮೀಟರ್ ಫಿಲ್ಮಿನಲ್ಲಿ ಆಟವನ್ನು ಚಿತ್ರಿಸಿದರು. ಛಾಯಾಗ್ರಾಹಕರು ಜರ್ಮನಿಯ ‘ಮೆಟ್ರೊಪೊಲಿಸ್’ (1927) ಚಿತ್ರಕ್ಕೆ ದುಡಿದಿದ್ದ ಕಾರ್ಲ್ ಫ್ರಾಯಿಂಡ್. ವೆಚ್ಚ ಏರಿತು. ದಂಪತಿಗಳು ತಮ್ಮ ಸಂಭಾವನೆಯನ್ನು ತಗ್ಗಿಸಿಕೊಂಡು, ಬದಲಿಗೆ ಫಿಲ್ಮಿನ ಒಡೆತನವನ್ನು ಪಡೆದರು. ಒಮ್ಮೆ ನೋಡಿದ ನಗೆಯಾಟವನ್ನು ಮತ್ತೆ ಯಾರು ನೋಡಿಯಾರು ಎಂಬ ಕಾಲವದು!

ಜನ ಮತ್ತೆ ಮತ್ತೆ ನೋಡಿದರು. ಆ ಫಿಲ್ಮುಗಳನ್ನು ಸಿಬಿಎಸ್‌ಗೇ ಮಾರಿದ ಹಣದ ಬಲದಿಂದ, 1957ರಲ್ಲಿ ಅವರ ಡೆಸಿಲು ಸಂಸ್ಥೆ ಆರ್‌ಕೆಓ ಸ್ಟುಡಿಯೋಗಳನ್ನು ಕೊಂಡಿತು. ಹಿಂದೆ ಲೂಸಿಲ್ ಸಣ್ಣಪುಟ್ಟ ಪಾತ್ರಗಳಿಗಾಗಿ ದುಡಿದದ್ದು ಅದೇ ಆರ್‌ಕೆಓದಲ್ಲಿ. 1962ರಲ್ಲಿ ಆಕೆಯೇ ಡೆಸಿಲುವಿನ ಅಧ್ಯಕ್ಷೆಯಾದರು. ಅಪರಾಧಲೋಕದ ‘ದಿ ಅನ್‌ಟಚಬಲ್ಸ್’ (1959), ಗೂಢಚರ್ಯೆಯ ‘ಮಿಷನ್: ಇಂಪಾಸಿಬಲ್’ (1966), ಅಂತರಿಕ್ಷಯಾನದ ‘ಸ್ಟಾರ್ ಟ್ರೆಕ್’ (1966) ಮೂರೂ ಡೆಸಿಲುವಿನ ಮಾಲಿಕೆಗಳೇ. ಮನೆಯೊಡತಿಯೊಬ್ಬಳ ಪೇಚಾಟದ ಕತೆ ಗಳಿಸಿದ ಹಣ ನಕ್ಷತ್ರಯಾನಕ್ಕೂ ದಾರಿ ಮಾಡಿತು.

ಹಾಸ್ಯ ಹಗುರವಾದದ್ದು, ಗಂಭೀರ ನಾಟಕವೇ ಬಾಳುವಂಥದು ಎಂದು ಬಗೆಯುವುದು ನಮ್ಮ ರೂಢಿ. ಆದರೆ ಆ ದಿನಗಳ ಎಷ್ಟೋ ಗಂಭೀರ ನಾಟಕಗಳು ಇಂದು ಹೆಸರಾಗಿ ಮಾತ್ರ ಉಳಿದಿವೆ. ಲೂಸಿಯ ನಗೆ ಇನ್ನೂ ನಿಚ್ಚಳವಾಗಿದೆ. ಗುಣವೊಂದೇ ಕೃತಿಯನ್ನು ಉಳಿಸಲಾರದು. ಅದನ್ನು ತನ್ನದೆಂದು ಕಾಯುವವರೂ ಬೇಕು.